ಪಥಕ್ಕೆ ಅಡ್ಡ ನಿಂತದ್ದು ವ್ಯಾನ್, ದಂಡ ಸೈಕಲ್ ಸವಾರನಿಗೆ: ವಕೀಲರೊಂದಿಗೆ ಪ್ರಶ್ನೋತ್ತರ

ಸೈಕಲ್ ಪಥ, ಬಸ್ ಪಥ ಮತ್ತು ಪೊಲೀಸರ ಕ್ರಮದ ಬಗ್ಗೆ ಏನೇ ಸಂಶಯವಿದ್ದರೂ ಇಲ್ಲಿ ಕೇಳಿ. ಇಪ್ಪತ್ತು ವರ್ಷಗಳಿಂದ ರಸ್ತೆ ಅಪಘಾತದ ಪ್ರಕರಣಗಳನ್ನು ನಡೆಸುತ್ತಿದ್ದೇನೆ, ನ್ಯಾಯಾಲಯಕ್ಕೆ ಬಹುತೇಕ ದಿನ ಸೈಕಲ್‌ನಲ್ಲೇ ಹೋಗುತ್ತೇನೆ. ಈ ಗುಂಪಿನವರು ಬೇರೆ ಬೇರೆ ದೇಶಗಳಲ್ಲಿ ಇದ್ದೀರಿ. ಆದ್ದರಿಂದ ಯಾವ ನಿಯಮ ಹೇಳಿದರೂ ಅದು ಎಲ್ಲಿಯದು ಎಂದು ಜೊತೆಗೇ ಹೇಳುತ್ತೇನೆ.

ಪ್ರಶ್ನೆ: ಮೇಡಂ, ನಾನು ಸೈಕಲ್ ಪಥದಲ್ಲೇ ಹೋಗುತ್ತಿದ್ದೆ. ಸಾಮಾನು ಇಳಿಸುವ ವ್ಯಾನ್ ಒಂದು ಪಥಕ್ಕೆ ಅಡ್ಡವಾಗಿ ನಿಂತಿತ್ತು. ಅದನ್ನು ಸುತ್ತಿಕೊಂಡು ಹೋಗಲು ಮುಖ್ಯ ರಸ್ತೆಗೆ ಬಂದೆ. ಮುಂದಿನ ಸಿಗ್ನಲ್‌ನಲ್ಲಿ ಪೊಲೀಸರು ತಡೆದು, "ಪಥ ಇರುವಾಗ ರಸ್ತೆಗೆ ಏಕೆ ಬಂದಿರಿ?" ಎಂದು ದಂಡದ ರಸೀದಿ ಕೊಟ್ಟರು. ವ್ಯಾನ್ ಅವರ ಕಣ್ಣೆದುರೇ ನಿಂತಿತ್ತು, ಅದಕ್ಕೆ ಏನೂ ಇಲ್ಲ. ನನ್ನದು ತಪ್ಪೇ?

ಉತ್ತರ: ದಂಡವನ್ನು ಸುಮ್ಮನೆ ಕಟ್ಟಿಬಿಡಬೇಡಿ. ಆಕ್ಷೇಪಣೆ ಸಲ್ಲಿಸಿ.

ನೀವಿರುವ ಕಡೆ ಸೈಕಲ್ ಪಥವನ್ನು ಬಳಸಲೇಬೇಕೆಂಬ ಕಡ್ಡಾಯ ಇದೆಯೇ ಎಂದು ಮೊದಲು ನೋಡಬೇಕು. ಬ್ರಿಟನ್ನಿನಲ್ಲಿ ಇಲ್ಲ, ಪಥ ಹಿಡಿಯುವುದೂ ಬಿಡುವುದೂ ಸವಾರರ ಇಷ್ಟ. ಜರ್ಮನಿಯಲ್ಲಿ ನೀಲಿ ವೃತ್ತದೊಳಗೆ ಬಿಳಿ ಸೈಕಲ್ ಇರುವ ಫಲಕ ನೆಟ್ಟಿದ್ದರೆ ಕಡ್ಡಾಯ. ಆ ಫಲಕವನ್ನೂ ಮನಬಂದಲ್ಲಿ ನೆಡುವಂತಿಲ್ಲ, ವಿಶೇಷ ಅಪಾಯ ಇರುವ ಕಡೆ ಮಾತ್ರ ನೆಡಬೇಕು ಎಂದು ಅಲ್ಲಿನ ಸರ್ವೋನ್ನತ ಆಡಳಿತ ನ್ಯಾಯಾಲಯ 2010ರಲ್ಲಿ ತೀರ್ಪು ಕೊಟ್ಟಿದೆ. ನ್ಯೂಯಾರ್ಕ್ ನಗರದಲ್ಲಿ ಪಥ ಇದ್ದರೆ ಅದರಲ್ಲೇ ಹೋಗಬೇಕು. ಆದರೆ ಅದೇ ನಿಯಮದ ಹೊಟ್ಟೆಯಲ್ಲೇ ವಿನಾಯಿತಿಯೂ ಇದೆ: ತಿರುವು ತೆಗೆದುಕೊಳ್ಳಲು ಸಿದ್ಧವಾಗುವಾಗ ಹೊರಗೆ ಬರಬಹುದು, ವಾಹನ, ಪಾದಚಾರಿ, ತಳ್ಳುಗಾಡಿ, ಪ್ರಾಣಿ, ಹಾಳಾದ ನೆಲ ಇಂಥ ಯಾವುದಾದರೂ ಪಥವನ್ನು ಅಪಾಯಕಾರಿ ಮಾಡಿದ್ದರೂ ಹೊರಗೆ ಬರಬಹುದು. ಕ್ಯಾಲಿಫೋರ್ನಿಯಾದ ಕಾನೂನಿನಲ್ಲೂ ಇದೇ ಬಗೆಯ ವಿನಾಯಿತಿಗಳಿವೆ. ಕಡ್ಡಾಯ ಮಾಡಿದವರಿಗೂ ಗೊತ್ತಿತ್ತು, ಪಥ ಯಾವಾಗಲೂ ಖಾಲಿ ಇರುವುದಿಲ್ಲ ಎಂದು.

ಪಥ ಎನ್ನುವುದು ಸವಾರರಿಗೆ ಹೆಚ್ಚುವರಿಯಾಗಿ ಕೊಟ್ಟ ರಕ್ಷಣೆ. ಅದು ದನ ಕೂಡುವ ದೊಡ್ಡಿಯಲ್ಲ. ರಸ್ತೆಯ ಮೇಲೆ ನಿಮಗೆ ಮೊದಲೇ ಇದ್ದ ಹಕ್ಕು, ಅಂಚಿನಲ್ಲಿ ಒಂದು ಗೆರೆ ಎಳೆದ ಮಾತ್ರಕ್ಕೆ ಹೋಗಿಬಿಡುವುದಿಲ್ಲ. ಪೊಲೀಸರಲ್ಲಿ ಎಷ್ಟೋ ಮಂದಿಗೆ ಈ ವ್ಯತ್ಯಾಸವನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ಆಕ್ಷೇಪಣೆ ಬರೆಯುವಾಗ ಅವರನ್ನು ದೂಷಿಸುತ್ತಾ ಕೂರಬೇಡಿ. ಪಥದಲ್ಲಿ ಅಡಚಣೆ ಇತ್ತು, ಹಿಂದೆ ನೋಡಿ, ಕೈ ತೋರಿಸಿ ಹೊರಗೆ ಬಂದೆ, ಅಡಚಣೆ ದಾಟಿದ ಮೇಲೆ ಪಥಕ್ಕೆ ಮರಳಿದೆ. ಈ ಮೂರು ಸಂಗತಿ ಸ್ಪಷ್ಟವಾಗಿರಲಿ. ವ್ಯಾನ್‌ನ ಚಿತ್ರ ತೆಗೆದಿದ್ದೀರಾ?

ಪ್ರಶ್ನೆ (ಅದೇ ಸದಸ್ಯರಿಂದ): ತೆಗೆದಿದ್ದೇನೆ, ಎರಡು ಇವೆ. ಒಂದರಲ್ಲಿ ನಂಬರ್ ಪ್ಲೇಟ್ ಹತ್ತಿರದಿಂದ ಕಾಣುತ್ತದೆ. ಇನ್ನೊಂದು ದೂರದ್ದು, ಅಷ್ಟು ಚೆನ್ನಾಗಿ ಬಂದಿಲ್ಲ.

ಉತ್ತರ: ನಿಮಗೆ ಬೇಕಾಗಿರುವುದು ಆ ಚೆನ್ನಾಗಿ ಬಾರದ ಚಿತ್ರವೇ. ನಂಬರ್ ಪ್ಲೇಟ್ ಮಾತ್ರ ಇರುವ ಚಿತ್ರ ಆ ವ್ಯಾನ್ ಎಲ್ಲೋ ಇತ್ತು ಎನ್ನುತ್ತದೆ, ಎಲ್ಲಿತ್ತು ಎನ್ನುವುದಿಲ್ಲ. ಒಂದೇ ಚೌಕಟ್ಟಿನಲ್ಲಿ ವ್ಯಾನ್‌ನ ಚಕ್ರ, ಚಕ್ರದ ಕೆಳಗಿನ ಬಿಳಿ ಗೆರೆ, ನೆಲದ ಮೇಲಿನ ಸೈಕಲ್ ಗುರುತು ಅಥವಾ ಕಂಬದ ಫಲಕ ಕಾಣಬೇಕು. ಗುರುತಿಸಬಹುದಾದ ಒಂದು ಕಟ್ಟಡವೋ ಅಡ್ಡರಸ್ತೆಯ ಹೆಸರೋ ಇದ್ದರೆ ಇನ್ನೂ ಒಳ್ಳೆಯದು. ಚಾಲಕ ಒಳಗಿಲ್ಲ ಎಂಬುದು ಕಂಡರೆ, ಈಗ ಹೊರಡುವವನಿದ್ದೆ ಎಂಬ ಮಾತು ನಿಲ್ಲುವುದಿಲ್ಲ.

ಗೆರೆಯನ್ನು ಸರಿಯಾಗಿ ನೋಡಿ ಎಂದು ನನ್ನ ಕಕ್ಷಿದಾರರಿಗೆಲ್ಲ ಹೇಳುತ್ತಿರುತ್ತೇನೆ. ಬ್ರಿಟನ್ನಿನಲ್ಲಿ ಸೈಕಲ್ ಪಥದ ಗೆರೆ ಅಖಂಡವಾಗಿದ್ದರೆ, ಪಥ ಜಾರಿಯಲ್ಲಿರುವ ಹೊತ್ತಿನಲ್ಲಿ ಮೋಟಾರು ವಾಹನ ಅದರೊಳಗೆ ಓಡುವಂತೆಯೂ ಇಲ್ಲ, ನಿಲ್ಲುವಂತೆಯೂ ಇಲ್ಲ. ತುಂಡು ತುಂಡಾಗಿದ್ದರೆ ಅದು ಬರೀ ಸಲಹೆ, ಅನಿವಾರ್ಯವಾದರೆ ಒಳಗೆ ಬರಬಹುದು. ಜರ್ಮನಿಯಲ್ಲಿ ತುಂಡು ಗೆರೆಯ ಪಥದಲ್ಲಿ ಮೂರು ನಿಮಿಷದವರೆಗೆ ವಾಹನ ನಿಲ್ಲಿಸಬಹುದಿತ್ತು, 2020ರ ತಿದ್ದುಪಡಿ ಅದನ್ನೂ ನಿಷೇಧಿಸಿತು. ಆ ಮೂರು ನಿಮಿಷದಲ್ಲಿ ಎಷ್ಟು ಸವಾರರು ರಸ್ತೆ ಮಧ್ಯಕ್ಕೆ ಬರಬೇಕಾಗುತ್ತದೆ ಎಂದು ಯಾವುದಾದರೂ ಬೆಳಿಗ್ಗೆ ನಿಂತು ಎಣಿಸಿದರೆ ಆ ತಿದ್ದುಪಡಿಯ ಬೆಲೆ ಗೊತ್ತಾಗುತ್ತದೆ.

ಪ್ರಶ್ನೆ: ನಾನು ನಗರ ಬಸ್ ಚಾಲಕ. ಬೇಸರ ಮಾಡಿಕೊಳ್ಳಬೇಡಿ ಮೇಡಂ, ಬಸ್ ಪಥ ಮಾಡಿದ್ದು ಬಸ್ಸಿಗೆ. ಮುಂದೆ ಒಂದು ಸೈಕಲ್ ನಿಧಾನವಾಗಿ ಹೋಗುತ್ತಿದ್ದರೆ ಹಿಂದೆ ಐವತ್ತು ಜನ ಕಾಯಬೇಕು. ಸಮಯಪಾಲನೆಗೆ ನಮ್ಮನ್ನೇ ಕೇಳುತ್ತಾರೆ. ಸೈಕಲ್ ಅಲ್ಲಿಗೆ ಬರಬಹುದೇ?

ಉತ್ತರ: ಬೇಸರವೇನೂ ಇಲ್ಲ ಸರ್. ನಿಮ್ಮಂಥವರು ಈ ಗುಂಪಿನಲ್ಲಿ ಇರುವುದು ನನಗೆ ಸಂತೋಷ.

ಬರಬಹುದೇ ಎಂಬುದನ್ನು ಫಲಕ ಹೇಳುತ್ತದೆ. ಬ್ರಿಟನ್ನಿನಲ್ಲಿ ಬಸ್ ಪಥದ ಫಲಕದಲ್ಲಿ ಬಸ್ಸಿನ ಜೊತೆ ಸೈಕಲ್ ಚಿತ್ರವೂ ಇದ್ದರೆ ಸೈಕಲ್ ಹೋಗಬಹುದು, ಇಲ್ಲದಿದ್ದರೆ ಇಲ್ಲ. ಲಂಡನ್ನಿನ ಬಹಳಷ್ಟು ಬಸ್ ಪಥಗಳಲ್ಲಿ ಆ ಚಿತ್ರ ಇದೆ. ಪ್ಯಾರಿಸ್ಸಿನಲ್ಲೂ ಸೈಕಲ್‌ಗೆ ತೆರೆದ ಬಸ್ ಪಥಗಳಿವೆ. ಅನುಮತಿ ಇರುವ ಕಡೆ ಸವಾರ ನಿಮ್ಮ ಪಥಕ್ಕೆ ನುಗ್ಗಿ ಬಂದವನಲ್ಲ, ಅದು ಇಬ್ಬರದೂ ಆದ ಪಥ.

ಇನ್ನು ಹಿಂದೆ ಹಾಕುವ ಮಾತು. ನಿಮ್ಮ ಬಸ್ಸಿನ ಅಗಲ ಸುಮಾರು ಎರಡೂವರೆ ಮೀಟರ್, ಕನ್ನಡಿಗಳು ಬೇರೆ. ಸೈಕಲ್ ಹ್ಯಾಂಡಲ್ ಮುಕ್ಕಾಲು ಮೀಟರ್‌ಗಿಂತ ಕಡಿಮೆ ಇರಬಹುದು, ಆದರೆ ನೆಟ್ಟಗೆ ಗೆರೆ ಎಳೆದಂತೆ ಯಾರೂ ಸೈಕಲ್ ಹೊಡೆಯಲಾರರು, ಒಂದು ಮೀಟರ್ ಬೇಕು. ನಡುವೆ ಒಂದೂವರೆ ಮೀಟರ್ ಬಿಡಬೇಕು; ಜರ್ಮನಿಯಲ್ಲಿ ಊರೊಳಗೆ ಕಾನೂನೇ ಅಷ್ಟು ಕೇಳುತ್ತದೆ, ಊರಾಚೆ ಎರಡು ಮೀಟರ್. ಕೂಡಿಸಿದರೆ ಐದು ಮೀಟರ್ ಆಯಿತು. ನಿಮ್ಮ ಪಥ ಮೂರೋ ಮೂರೂವರೆಯೋ ಇದ್ದರೆ ಅದರೊಳಗೇ ಹಿಂದೆ ಹಾಕುವುದು ಸಾಧ್ಯವೇ ಇಲ್ಲ. ಪಕ್ಕದ ಸಾಲು ಖಾಲಿಯಾದಾಗ ಪೂರ್ತಿ ಅಲ್ಲಿಗೆ ಹೋಗಿ ದಾಟಬೇಕು, ಇಲ್ಲವೇ ಕಾಯಬೇಕು. ಬಹಳ ಸಲ ಕಾಯುವುದೇ ಲಾಭ. ಮುಂದಿನ ನಿಲ್ದಾಣದಲ್ಲಿ ನೀವು ಹೇಗೂ ನಿಲ್ಲಿಸುತ್ತೀರಿ, ಸವಾರ ಮತ್ತೆ ಮುಂದೆ ಹೋಗಿರುತ್ತಾನೆ.

ಸವಾರರಿಗೂ ಅಷ್ಟೇ ಗಟ್ಟಿಯಾಗಿ ಹೇಳುತ್ತೇನೆ. ನಿಲ್ದಾಣದಲ್ಲಿ ನಿಂತ ಬಸ್ಸಿಗೂ ಫುಟ್‌ಪಾತಿಗೂ ನಡುವಿನ ಸಂದಿಯಲ್ಲಿ ನುಗ್ಗಬೇಡಿ, ಅಲ್ಲಿಗೆ ಜನ ಇಳಿಯುತ್ತಾರೆ. ಇಳಿಯುವವರು ಕೆಳಗೆ ಮೆಟ್ಟಿಲು ನೋಡುತ್ತಿರುತ್ತಾರೆ, ನಿಮ್ಮನ್ನಲ್ಲ. ಬಸ್ಸಿನ ಹಿಂದೆ ನಿಲ್ಲಿ. ಚಾಲಕರ ಪಕ್ಕದ ಕನ್ನಡಿಯಲ್ಲಿ ಅವರ ಮುಖ ನಿಮಗೆ ಕಾಣದಿದ್ದರೆ ಅವರಿಗೂ ನೀವು ಕಾಣುವುದಿಲ್ಲ.

ಐವತ್ತು ಜನರನ್ನು ಕಾಯಿಸುವವರ ಬಗ್ಗೆ ಒಂದು ಮಾತು ಸರ್. ಸೈಕಲ್ ಚಲಿಸುತ್ತಿರುತ್ತದೆ. ಬಸ್ ಪಥದಲ್ಲಿ ಇಂಡಿಕೇಟರ್ ಹಾಕಿ ನಿಂತ ಕಾರು ಚಲಿಸುವುದೇ ಇಲ್ಲ. ನಿಮಗೂ ನಮಗೂ ಅಡ್ಡ ಬರುತ್ತಿರುವುದು ಒಂದೇ ವಾಹನ.

ಪ್ರಶ್ನೆ: ಸಂಚಾರ ಪೊಲೀಸ್ ವಿಭಾಗದಲ್ಲಿದ್ದು ನಿವೃತ್ತನಾದವನು ನಾನು. ನಮ್ಮ ಕಡೆಯದನ್ನೂ ಕೇಳಿ. ಒಂದು ವಾಹನ ಎಬ್ಬಿಸಿದರೆ ಹತ್ತು ನಿಮಿಷದಲ್ಲಿ ಅದೇ ಜಾಗಕ್ಕೆ ಮತ್ತೊಂದು ಬರುತ್ತದೆ. ಒಬ್ಬ ಪೇದೆ ಎಷ್ಟು ದೂರ ಓಡಾಡಬಲ್ಲ? ಪಥ ಬಳಿಯುವವರು ಬಳಿದು ಹೋಗುತ್ತಾರೆ, ಕಾಯುವವರು ನಾವು.

ಉತ್ತರ: ನೀವು ಹೇಳಿದ್ದು ಅಕ್ಷರಶಃ ನಿಜ ಸರ್. ಬಿಸಿಲಿನಲ್ಲಿ ನಿಂತ ಒಬ್ಬ ಪೇದೆಯ ಮೇಲೆ ಇಡೀ ರಸ್ತೆಯ ಹೊಣೆ ಹೊರಿಸುವುದು ಅನ್ಯಾಯ. ದಂಡದ ಮೊತ್ತ ಏರಿಸಿ ಎಂದು ಕೂಗುವವರ ಜೊತೆ ನಾನು ದನಿಗೂಡಿಸದಿರುವುದಕ್ಕೂ ಇದೇ ಕಾರಣ. ಮೊತ್ತ ಎಷ್ಟೇ ಇರಲಿ, ಸಿಕ್ಕಿಬೀಳುವುದಿಲ್ಲ ಎಂದು ಚಾಲಕನಿಗೆ ಗೊತ್ತಿದ್ದರೆ ಅವನು ನಿಲ್ಲಿಸಿಯೇ ನಿಲ್ಲಿಸುತ್ತಾನೆ. ಸಣ್ಣ ದಂಡವಾದರೂ ಸರಿ, ತಪ್ಪದೆ ಬೀಳುತ್ತದೆ ಎಂದಾದರೆ ಎರಡನೆಯ ಸಲ ಯೋಚಿಸುತ್ತಾನೆ.

ನ್ಯೂಯಾರ್ಕ್‌ನಲ್ಲಿ 2019ರಲ್ಲಿ ಬಸ್ಸಿನ ಮೇಲೇ ಕ್ಯಾಮೆರಾ ಕೂರಿಸಲು ಶುರು ಮಾಡಿದರು. ಬಸ್ ತನ್ನ ಪಾಡಿಗೆ ಹೋಗುತ್ತಾ, ಪಥದಲ್ಲಿ ನಿಂತ ವಾಹನದ ನಂಬರ್, ಜಾಗ, ಹೊತ್ತು ಎಲ್ಲವನ್ನೂ ದಾಖಲಿಸುತ್ತದೆ. ಹಿಂದೆ ಬರುವ ಬಸ್ಸೂ ಅದೇ ವಾಹನವನ್ನು ಅಲ್ಲೇ ಕಂಡರೆ, ಕ್ಷಣಮಾತ್ರ ನಿಂತಿತ್ತು ಎಂಬ ಸಬೂಬಿಗೆ ಜಾಗವೇ ಇರುವುದಿಲ್ಲ. 2024ರಲ್ಲಿ ಬಸ್ ನಿಲ್ದಾಣಕ್ಕೆ ಅಡ್ಡ ನಿಲ್ಲಿಸುವುದನ್ನೂ, ನಿಂತ ವಾಹನದ ಪಕ್ಕದಲ್ಲಿ ಇನ್ನೊಂದನ್ನು ತಂದು ನಿಲ್ಲಿಸುವುದನ್ನೂ ಇದರ ವ್ಯಾಪ್ತಿಗೆ ತಂದರು. ಲಂಡನ್ನಿನಲ್ಲಿ 2020ರಿಂದ ಅಖಂಡ ಗೆರೆಯ ಸೈಕಲ್ ಪಥಗಳ ಮೇಲೂ ಕ್ಯಾಮೆರಾದ ಕಣ್ಣಿದೆ. ಇಷ್ಟಾದರೂ ಪೊಲೀಸರ ಜಾಗವನ್ನು ಕ್ಯಾಮೆರಾ ತುಂಬಲಾರದು. ಸವಾರರ ಮೈಗೆ ತಾಗುವಂತೆ ಹಿಂದೆ ಹಾಕುವವನನ್ನು, ಬೇಕೆಂದೇ ಅಂಚಿಗೆ ಒತ್ತುವವನನ್ನು ಹಿಡಿಯಲು ಮನುಷ್ಯನೇ ಬೇಕು.

ಪೇದೆ ಇಲ್ಲದ ಹೊತ್ತಿನಲ್ಲೂ ಪಥವನ್ನು ಕಾಯುವುದು ಒಂದು ಇದೆ. ಮೊಣಕಾಲುದ್ದದ ಗಟ್ಟಿ ಕಂಬಗಳು, ಅಥವಾ ಕೋಪನ್‌ಹೇಗನ್ನಿನಲ್ಲಿರುವ ಹಾಗೆ ರಸ್ತೆಗಿಂತ ಒಂದು ಅಂಚುಗಲ್ಲಿನಷ್ಟು ಎತ್ತರಿಸಿದ ಪಥ.

ಪ್ರಶ್ನೆ: ಪೊಲೀಸ್ ವಾಹನವೇ ಸೈಕಲ್ ಪಥದಲ್ಲಿ ನಿಂತಿದ್ದರೆ?

ಉತ್ತರ: ತುರ್ತು ಕೆಲಸಕ್ಕೆ ವಿನಾಯಿತಿ ಇರುತ್ತದೆ, ಅದು ಇರಲೇಬೇಕು. ಚಹಾ ಕುಡಿಯುವುದು ತುರ್ತು ಕೆಲಸವಲ್ಲ. ಅಲ್ಲೇ ನಿಂತು ವಾದ ಮಾಡಬೇಡಿ. ದಿನಾಂಕ, ಹೊತ್ತು, ವಾಹನದ ನಂಬರ್ ಬರೆದುಕೊಂಡು ಮೇಲಧಿಕಾರಿಗೆ ಲಿಖಿತ ದೂರು ಕೊಡಿ, ಸ್ವೀಕೃತಿ ಪಡೆಯಿರಿ. ಒಂದೇ ಜಾಗದಿಂದ ಐದಾರು ಮಂದಿ ಬರೆದ ದೂರುಗಳು ಸೇರಿದರೆ ಅದೊಂದು ಕಡತವಾಗುತ್ತದೆ, ಕಡತಕ್ಕೆ ಉತ್ತರ ಕೊಡಬೇಕಾಗುತ್ತದೆ.

ಪ್ರಶ್ನೆ: ನಮ್ಮ ತಾಯಿ ಸೈಕಲ್‌ನಲ್ಲಿ ಹೋಗುತ್ತಿದ್ದಾಗ ನಿಂತಿದ್ದ ಕಾರಿನ ಬಾಗಿಲು ಒಮ್ಮೆಲೇ ತೆರೆದು ಬಿದ್ದರು. ಭುಜದ ಮೂಳೆ ಮುರಿದಿದೆ. ಕಾರಿನವರು, "ಬಾಗಿಲು ಆಗಲೇ ತೆರೆದಿತ್ತು, ಅವರೇ ಬಂದು ಗುದ್ದಿದರು" ಎನ್ನುತ್ತಿದ್ದಾರೆ. ಏನು ಮಾಡಬಹುದು?

ಉತ್ತರ: ಮೊದಲು, ಅಮ್ಮ ಹೇಗಿದ್ದಾರೆ? ಭುಜದ ಪೆಟ್ಟು ಮಾಯಲು ಬಹಳ ದಿನ ಹಿಡಿಯುತ್ತದೆ. ಚಿಕಿತ್ಸೆಯ ಒಂದೊಂದು ಚೀಟಿಯನ್ನೂ ಜೋಪಾನ ಮಾಡಿ.

ಬಾಗಿಲು ತೆರೆಯುವವರೇ ನೋಡಿ ತೆರೆಯಬೇಕು ಎಂಬುದರಲ್ಲಿ ಎರಡು ಮಾತಿಲ್ಲ. 1968ರ ವಿಯೆನ್ನಾ ರಸ್ತೆ ಸಂಚಾರ ಒಪ್ಪಂದದ 24ನೆಯ ವಿಧಿ ಇದಕ್ಕೆಂದೇ ಇದೆ: ಬೇರೆಯವರಿಗೆ ಅಪಾಯವಿಲ್ಲ ಎಂದು ಖಚಿತಪಡಿಸಿಕೊಳ್ಳದೆ ವಾಹನದ ಬಾಗಿಲು ತೆರೆಯುವುದು, ತೆರೆದಿಡುವುದು, ಇಳಿಯುವುದು ಎಲ್ಲವೂ ನಿಷಿದ್ಧ. "ತೆರೆದಿಡುವುದು" ಎಂಬ ಪದವನ್ನು ಗಮನಿಸಿ. ಬಾಗಿಲು ಆಗಲೇ ತೆರೆದಿತ್ತು ಎಂಬುದು ಅವರನ್ನು ಪಾರು ಮಾಡುವ ಮಾತಲ್ಲ. ಬ್ರಿಟನ್ನಿನ ಹೆದ್ದಾರಿ ಸಂಹಿತೆ 2022ರಲ್ಲಿ ಇನ್ನೂ ಮುಂದೆ ಹೋಗಿ, ಬಾಗಿಲಿನ ಕಡೆಯದಲ್ಲ, ಆಚೆಯ ಕೈಯಿಂದ ಬಾಗಿಲು ತೆರೆಯಿರಿ ಎಂದು ಹೇಳಿಕೊಟ್ಟಿತು. ಆಚೆಯ ಕೈ ಚಾಚಿದರೆ ಮೈ ತಿರುಗುತ್ತದೆ, ಕಣ್ಣು ತಾನಾಗಿ ಹಿಂದಕ್ಕೆ ಹೋಗುತ್ತದೆ.

ಇಂಥದೇ ಒಂದು ಪ್ರಕರಣ ನನ್ನ ಬಳಿಗೆ ಬಂದಿತ್ತು. ಕಾರಿನವರ ವಾದವೂ ಇದೇ ಆಗಿತ್ತು. ಸಾಕ್ಷಿ ಹೇಳುವವರು ಯಾರೂ ಇರಲಿಲ್ಲ. ನಜ್ಜುಗುಜ್ಜಾದ ಸೈಕಲ್ ಅವರ ಮನೆಯ ಹಿತ್ತಿಲಲ್ಲಿತ್ತು, ಹೋಗಿ ನೋಡಿದೆ. ಹ್ಯಾಂಡಲ್‌ನ ಒಂದು ತುದಿಯಲ್ಲಿ ರಬ್ಬರ್ ಹಿಡಿಕೆ ಅರ್ಧಚಂದ್ರದಂತೆ ಸೀಳಿತ್ತು, ಸೀಳಿನೊಳಗೆ ಉಗುರಿನಷ್ಟು ಬೆಳ್ಳಿ ಬಣ್ಣದ ಹಕ್ಕಳೆ ಅಂಟಿಕೊಂಡಿತ್ತು. ಮುಂದಿನ ಚಕ್ರಕ್ಕೆ ಒಂದು ಗೀರೂ ಇರಲಿಲ್ಲ. ಬಾಗಿಲು ಮೊದಲೇ ಅಡ್ಡ ತೆರೆದಿದ್ದರೆ ಮೊದಲು ತಾಗಬೇಕಾದದ್ದು ಚಕ್ರ. ಹ್ಯಾಂಡಲ್ ತುದಿಗೆ ಮಾತ್ರ ತಾಗಿದೆ ಎಂದರೆ ಚಕ್ರ ಆಗಲೇ ಬಾಗಿಲ ಅಂಚನ್ನು ದಾಟಿತ್ತು, ಬಾಗಿಲು ಪಕ್ಕದಿಂದ ಬಂತು. ಕಾರಿನ ಬಾಗಿಲಿನ ಅಂಚಿನಲ್ಲಿ ಅದೇ ಎತ್ತರಕ್ಕೆ ಕಪ್ಪು ರಬ್ಬರಿನ ಗುರುತು ಸಿಕ್ಕಿತು. ವಾದ ಅಲ್ಲಿಗೆ ಮುಗಿಯಿತು.

ಆದ್ದರಿಂದ ಸೈಕಲ್ ರಿಪೇರಿ ಮಾಡಿಸಬೇಡಿ, ಒರೆಸಲೂ ಬೇಡಿ. ಅಳತೆಯ ಟೇಪು ಪಕ್ಕದಲ್ಲಿಟ್ಟು ಎಲ್ಲ ಕಡೆಯಿಂದಲೂ ಚಿತ್ರ ತೆಗೆಯಿರಿ. ಅಕ್ಕಪಕ್ಕದ ಅಂಗಡಿಗಳ ಕ್ಯಾಮೆರಾದ ದೃಶ್ಯವನ್ನು ಇವತ್ತೇ ಕೇಳಿ, ಹಳೆಯದು ಬೇಗ ಅಳಿಸಿಹೋಗುತ್ತದೆ.

ಹೊಣೆಗಾರಿಕೆಯ ವಿಷಯದಲ್ಲಿ ನೆದರ್ಲೆಂಡ್ಸ್ ನನಗೆ ಮೆಚ್ಚುಗೆ. ಅಲ್ಲಿ ಮೋಟಾರು ವಾಹನ ಸೈಕಲ್ ಸವಾರರಿಗೆ ಡಿಕ್ಕಿ ಹೊಡೆದರೆ, ಸವಾರರದೂ ತಪ್ಪಿದ್ದರೂ ಸಾಮಾನ್ಯವಾಗಿ ಕನಿಷ್ಠ ಅರ್ಧ ನಷ್ಟವನ್ನು ವಾಹನದ ಕಡೆಯವರೇ ಭರಿಸಬೇಕು. ಸವಾರರು 14 ವರ್ಷದೊಳಗಿನ ಮಕ್ಕಳಾದರೆ ಪೂರ್ತಿ. ಒಂದು ಟನ್ನಿಗೂ ಮೀರಿದ ತೂಕವನ್ನು ರಸ್ತೆಗೆ ತಂದವರು ಅದರ ಅಪಾಯವನ್ನೂ ಹೊರಬೇಕು ಎಂಬ ನ್ಯಾಯ ಅದು.

ಪ್ರಶ್ನೆ: ಹಕ್ಕು ಹಕ್ಕು ಎನ್ನುತ್ತೀರಿ. ಸೈಕಲ್‌ನವರು ಕೆಂಪು ದೀಪಕ್ಕೂ ನಿಲ್ಲುವುದಿಲ್ಲವಲ್ಲ?

ಉತ್ತರ: ನಿಲ್ಲಬೇಕು. ಅಮೆರಿಕದ ಐಡಹೊ ರಾಜ್ಯದಲ್ಲಿ 1982ರಿಂದ ಸೈಕಲ್ ಸವಾರರು "ನಿಲ್ಲಿ" ಫಲಕವನ್ನು "ದಾರಿ ಬಿಡಿ" ಎಂದು ತಿಳಿದು ನಡೆಯಬಹುದು. ಇಂಥ ಕಾನೂನು ಇಲ್ಲದ ಕಡೆ ಎಲ್ಲರಂತೆ ನಿಲ್ಲುವುದೇ ಸರಿ. ರಾತ್ರಿ ದೀಪವಿಲ್ಲದೆ ಹೊರಡಬೇಡಿ ಎಂದೂ ಸವಾರರನ್ನು ಬೇಡಿಕೊಳ್ಳುತ್ತೇನೆ. ಎದುರು ಪಕ್ಷದ ವಕೀಲರು ಮೊದಲು ಕೇಳುವುದು ಅದನ್ನೇ. ಆದರೆ ನಿನ್ನೆ ಯಾರೋ ಸಿಗ್ನಲ್ ಹಾರಿದರು ಎಂದು ಇವತ್ತು ಈ ಅಮ್ಮನ ಮೇಲೆ ಬಾಗಿಲು ತೆರೆಯುವ ಅಧಿಕಾರ ಯಾರಿಗೂ ಬರುವುದಿಲ್ಲ. ಕಾರು ಓಡಿಸುವ ಒಬ್ಬರು ವೇಗ ಮಿತಿ ಮೀರಿದರೆ ಎಲ್ಲ ಕಾರುಗಳನ್ನೂ ರಸ್ತೆಯಿಂದ ಇಳಿಸಿ ಎಂದು ಯಾರೂ ಹೇಳುವುದಿಲ್ಲ.

ಪ್ರಶ್ನೆ (ಮೊದಲನೆಯ ಸದಸ್ಯರಿಂದ): ಮೇಡಂ, ದೂರದ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಹಿಂದಿನ ಚಕ್ರ ಬಿಳಿ ಗೆರೆಯ ಒಳಗಿದೆ, ಗೆರೆ ಅಖಂಡವಾಗಿದೆ. ಹಿನ್ನೆಲೆಯಲ್ಲಿ ಪೊಲೀಸರೂ ನಿಂತಿರುವುದು ಕಾಣುತ್ತದೆ. ಗುರುವಾರ ಕೊನೆಯ ದಿನ.

ಉತ್ತರ: ಬುಧವಾರವೇ ಸಲ್ಲಿಸಿ. ಚಿತ್ರವನ್ನು ಕತ್ತರಿಸಬೇಡಿ, ಬೆಳಕು ತಿದ್ದಬೇಡಿ, ಮೊಬೈಲ್‌ನಲ್ಲಿರುವ ಮೂಲ ಕಡತ ಹಾಗೆಯೇ ಇರಲಿ. ಹಿನ್ನೆಲೆಯ ಪೊಲೀಸರ ಬಗ್ಗೆ ಆಕ್ಷೇಪಣೆಯಲ್ಲಿ ಏನೂ ಬರೆಯಬೇಡಿ, ಚಿತ್ರ ನೋಡುವವರಿಗೆ ಅದು ತಾನಾಗಿ ಕಾಣುತ್ತದೆ. ಬರೆದಾದ ಮೇಲೆ ಕರಡನ್ನು ನನಗೆ ಕಳುಹಿಸಿ, ರಾತ್ರಿಯೊಳಗೆ ಓದಿ ಹೇಳುತ್ತೇನೆ.