ಅಪ್‌ಡೇಟ್: ಬಳ್ಳಾರಿಯಿಂದ ಆನೆಗೊಂದಿಗೆ ಬೈಕಿನಲ್ಲಿ ಹೋಗಿ ಬಂದೆವು

ಗೆಳೆಯನ ಜೊತೆ ಹೋಗಲು ಹೊಸಪೇಟೆ ಹೆದ್ದಾರಿ ಒಳ್ಳೆಯದಾ, ಕಂಪ್ಲಿ ದಾರಿ ಒಳ್ಳೆಯದಾ ಅಂತ ಕೇಳಿದ್ದೆ. ಕಂಪ್ಲಿ ಅಂದವರಿಗೆಲ್ಲ ತುಂಬಾ ಥ್ಯಾಂಕ್ಸ್. ಕುರುಗೋಡು ಮೇಲೆ ಹೋದೆವು. ತುಂಗಭದ್ರಾ ಡ್ಯಾಮಿನಿಂದ ಜಾಸ್ತಿ ನೀರು ಬಿಟ್ಟಾಗ ಕಂಪ್ಲಿ ಸೇತುವೆ ಮುಳುಗುತ್ತದೆ, ಹೊರಡುವ ಮುಂಚೆ ವಿಚಾರಿಸಿ.

ಗಂಗಾವತಿ ದಾಟಿದ ಮೇಲೆ ನೋಡಬೇಕು! ಒಂದು ಕಡೆ ಭತ್ತದ ಗದ್ದೆ, ಇನ್ನೊಂದು ಕಡೆ ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್ ಬಂಡೆಗಳು. ಅಂಜನಾದ್ರಿಯ 575 ಮೆಟ್ಟಿಲನ್ನು ಬೆಳಗ್ಗೆಯೇ ಹತ್ತಿ, ಬಿಸಿಲೇರಿದರೆ ಕಲ್ಲು ಕಾದು ಬರಿಗಾಲಿಡಲು ಆಗುವುದಿಲ್ಲ. ಮೇಲಿಂದ ಹೊಳೆ, ಬಾಳೆ ತೋಟ, ಆಚೆ ದಡದ ಹಂಪಿ ಎಲ್ಲ ಕಾಣುತ್ತದೆ. ಇಬ್ಬರೂ ಸುಮ್ನೆ ನಿಂತುಬಿಟ್ಟೆವು. ಸಾಣಾಪುರ ಕೆರೆಯಲ್ಲಿ ಹರಿಗೋಲು ಹತ್ತಿ, ಈಜಲು ಮಾತ್ರ ಇಳಿಯಬೇಡಿ.

ಮುಂದೆ ಮುದಗಲ್ ಕೋಟೆ. ರಾಯಚೂರು ಕಡೆಯವರು ದಾರಿ ಹೇಳುತ್ತೀರಾ?