ಸಹಾಯ ಬೇಕು: ಚಿತ್ರ ಬಿಡಿಸಲು ತೇವ ಇಲ್ಲದ ಕೋಣೆ
ಎಲ್ಲರಿಗೂ ನಮಸ್ಕಾರ. ಉಡುಪಿ ಅಥವಾ ಮಣಿಪಾಲದ ಕಡೆ ಸ್ಟುಡಿಯೋಗೆ ಒಂದು ಕೋಣೆ ಬಾಡಿಗೆಗೆ ಬೇಕಿತ್ತು. ಈಗಿನದ್ದು ನೆಲ ಅಂತಸ್ತು. ಮಳೆ ಶುರುವಾದರೆ ಗೋಡೆಯೆಲ್ಲ ತೇವ. ಕ್ಯಾನ್ವಾಸಿನ ಹಿಂಬದಿಯಲ್ಲಿ ಬೂಸ್ಟು ಚುಕ್ಕೆ ಚುಕ್ಕೆಯಾಗಿ ಹಿಡಿದಿದೆ. ಎಣ್ಣೆ ಬಣ್ಣವಂತೂ ವಾರ ಕಳೆದರೂ ಕೈಗೆ ಅಂಟುತ್ತದೆ.

ಮಹಡಿ ಮೇಲಾದರೆ ಒಳ್ಳೆಯದು. ಉತ್ತರಕ್ಕೆ ಕಿಟಕಿ ಇರಲೇಬೇಕು, ಆ ಬೆಳಕು ಜಾಸ್ತಿ ಬದಲಾಗುವುದಿಲ್ಲ. ಭಾನುವಾರ ಮಕ್ಕಳೂ ಕಲಿಯಲು ಬರುತ್ತಾರೆ. ಮಲ್ಪೆಯ ಬೋಟು, ಯಕ್ಷಗಾನದ ಕೇದಗೆ ಮುಂದಲೆ ಎಂಬ ತಲೆಯುಡುಗೆ ನೋಡಿ ಚಿತ್ರ ಬರೆಯುತ್ತಾರೆ. 1911ರಲ್ಲಿ ಇಲ್ಲೇ ಕಟ್ಟಿಂಗೇರಿಯಲ್ಲಿ ಹುಟ್ಟಿದ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರ ಗೆರೆಗಳನ್ನು ಅವರಿಗೆ ತೋರಿಸುತ್ತಿರುತ್ತೇನೆ. ಎಷ್ಟು ಕಡಿಮೆ ಗೆರೆಯಲ್ಲಿ ಕುಣಿತ ಬರುತ್ತದೆ ಅಲ್ವಾ!

ಬಣ್ಣಕ್ಕೆ ಪೆಟ್ಟಾಗದಂತೆ ಬೂಸ್ಟು ತೆಗೆಯುವುದು ಗೊತ್ತಿದ್ದವರೂ ದಯವಿಟ್ಟು ಹೇಳಿ. ಕೋಣೆ ಇದ್ದರೆ ಫೋಟೋ, ಬಾಡಿಗೆ ಇನ್‌ಬಾಕ್ಸಿಗೆ ಕಳಿಸಿ.