ಸಹಾಯ ಬೇಕು: ತಾಪದ ಮಾನವಾದ ಕೆಲ್ವಿನ್‌ನ ಈಗಿನ ವ್ಯಾಖ್ಯೆಯನ್ನು ತರಗತಿಯಲ್ಲಿ ವಿವರಿಸುವುದು ಹೇಗೆ?

ಮಾನ್ಯರೇ, ಪಿಯುಸಿ ವಿದ್ಯಾರ್ಥಿಗಳಿಗೆ ಭೌತಶಾಸ್ತ್ರ ಕಲಿಸುವ ನನಗೆ ನಿಮ್ಮ ನೆರವು ಬೇಕಾಗಿದೆ. ಮಂಜುಗಡ್ಡೆ, ನೀರು, ಆವಿ ಮೂರೂ ಸಮತೋಲನದಲ್ಲಿ ಒಟ್ಟಿಗಿರುವ ತಾಪವನ್ನು 273.16 ಕೆಲ್ವಿನ್ ಎಂದು ನಿಗದಿಪಡಿಸಿದ್ದ ಹಳೆಯ ವ್ಯಾಖ್ಯೆ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ. ಕಣ್ಣಿಗೆ ಕಾಣುವ ವಸ್ತುವೊಂದು ಅದರ ಹಿಂದಿದೆ. ಆದರೆ 2019ರ ಮೇ 20ರಿಂದ ಜಾರಿಯಲ್ಲಿರುವ ವ್ಯಾಖ್ಯೆಯು ಕಣಗಳ ಶಕ್ತಿಗೂ ತಾಪಕ್ಕೂ ಇರುವ ನಂಟನ್ನು ಹೇಳುವ ಬೋಲ್ಟ್ಸ್‌ಮನ್ ಸ್ಥಿರಾಂಕದ ಬೆಲೆಯನ್ನು ಪ್ರತಿ ಕೆಲ್ವಿನ್‌ಗೆ 1.380649 × 10⁻²³ ಜೂಲ್ ಎಂದು ಖಚಿತಗೊಳಿಸಿ, ತಾಪವನ್ನು ನೇರವಾಗಿ ಶಕ್ತಿಯೊಂದಿಗೆ ಬೆಸೆಯುತ್ತದೆ. ಯಾವ ಪದಾರ್ಥದ ಹಂಗೂ ಇಲ್ಲದ ಈ ವ್ಯಾಖ್ಯೆಯೇ ಹೆಚ್ಚು ಸುಂದರವೆಂಬುದು ನನ್ನ ಭಾವನೆ. ಮಕ್ಕಳಿಗೂ ಅದು ಹಾಗೆಯೇ ಕಾಣಬೇಕೆಂಬ ಆಸೆ.

ಸಾಮಾನ್ಯ ಪ್ರಯೋಗಾಲಯದಲ್ಲಿ, ಮುಚ್ಚಿದ ಪಾತ್ರೆಯ ಗಾಳಿಯ ಒತ್ತಡವನ್ನು ಬೇರೆ ಬೇರೆ ತಾಪಗಳಲ್ಲಿ ಅಳೆದು ತಾಪ ಮತ್ತು ಶಕ್ತಿಯ ಈ ಸಂಬಂಧವನ್ನು ತೋರಿಸಿದವರಿದ್ದರೆ, ಬಳಸಿದ ಉಪಕರಣಗಳನ್ನೂ ಗಾಳಿಯ ತೇವಾಂಶವನ್ನು ನಿವಾರಿಸಿದ ಕ್ರಮವನ್ನೂ ದಯವಿಟ್ಟು ತಿಳಿಸಿ.